ಮೊಣಕಾಲೆತ್ತರದ ಗಡಿಗೆ

ಯಾವ ಕಾಲ, ಯಾವ ಊರು ಅಂತ ಕೇಳಬೇಡಿ ಮಕ್ಕಳೇ. ಗುಡ್ಡದ ಸಾಲಿನ ಆಚೆಗೆ ಒಂದು ರಾಜ್ಯ ಇತ್ತು. ಅಲ್ಲೊಬ್ಬ ದೊರೆ ಇದ್ದ. ದೊರೆಗೆ ಒಂದು ದೊಡ್ಡ ಕಣಜ ಇತ್ತು. ಕಣಜದಲ್ಲಿ ರಾಗಿ ಅಳೆಯುವುದಕ್ಕೆ ಒಬ್ಬ ಆಳು ಇದ್ದ. ಅವನ ಹೆಸರು ಮುದ್ದೀರ.

ಮುದ್ದೀರನಿಗೆ ವಯಸ್ಸಾಗಿತ್ತು. ಮಾತು ಕಡಿಮೆ. ಸೇರು ಹಿಡಿದರೆ ಮಾತ್ರ ಕೈ ನಡುಗುತ್ತಿರಲಿಲ್ಲ. ಅಳೆಯುವವರೆಲ್ಲರ ಹಾಗೆ ಅವನೂ ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದ. ಲಾಭ, ಎರಡು, ಮೂರು. ಹಾಗೆ ರಾಜ್ಯಕ್ಕೆಲ್ಲ ಅಳೆದುಕೊಡುತ್ತಿದ್ದ. ಮನೆಗೆ ಹೋದರೆ ಅಳತೆ ತಪ್ಪುತ್ತಿತ್ತು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಒಬ್ಬನ ಮುದ್ದೆಗೆ ಎಷ್ಟು ಹಿಟ್ಟು ಹಾಕಬೇಕು ಅನ್ನುವುದು ಅವನಿಗೆ ಇನ್ನೂ ತಿಳಿದಿರಲಿಲ್ಲ.

ಅವನದೊಂದು ಗುಣ ಇತ್ತು. ಏನಾದರೂ ಕೂಡಿಬರದೆ ಹೋದರೆ, ಯಾಕೆ ಅಂತ ತಿಳಿಯುವ ತನಕ ಅವನಿಗೆ ಸಮಾಧಾನ ಇಲ್ಲ.

ಕಣಜದಲ್ಲಿ ರಾಗಿ ಕೇರುವುದಕ್ಕೆ ಸಂಕಮ್ಮ ಅಂತ ಒಬ್ಬಳು ಬರುತ್ತಿದ್ದಳು. ಅವಳ ಗಂಡ ಕುಂಬಾರ ಗಿರಿಯ. ಇಬ್ಬರಿಗೂ ಒಂದೇ ಮಗು, ಆರು ವರ್ಷದ ನಿಂಗಿ. ಗಂಡ ಹೆಂಡತಿ ಬೇರೆಯಾದರು. ಯಾಕೆ ಬೇರೆಯಾದರು ಅನ್ನುವುದಕ್ಕೆ ಊರಿನವರು ಮೂರು ಕಾರಣ ಹೇಳುತ್ತಿದ್ದರು. ಮೂರೂ ಸುಳ್ಳು. ಇರಲಿ, ನಮ್ಮ ಕಥೆ ಅದಲ್ಲ.

ಅರಮನೆ ಬಾಗಿಲಲ್ಲಿ ಒಂದು ಕಲ್ಲು ಇತ್ತು. ದೊರೆಯ ತಾತ ಕೆತ್ತಿಸಿದ ಕಲ್ಲು. ಬೇರೆಯಾದ ಗಂಡ ಹೆಂಡಿರ ಮಕ್ಕಳಿಗೆ ಅಂತಲೇ ಅದರಲ್ಲಿ ಮೂರು ಸಾಲು ಇದ್ದವು.

ಮಗು ತಾಯಿಯ ಹತ್ತಿರ ಇರಲಿ.

ಮಗು ಯಾರ ಹತ್ತಿರ ಇಲ್ಲವೋ ಅವರು ಅಮಾವಾಸ್ಯೆಗೊಮ್ಮೆ, ಮಗುವಿನ ಮೊಣಕಾಲೆತ್ತರದ ಗಡಿಗೆ ತುಂಬ ರಾಗಿ ಕೊಡಲಿ.

ಇದ್ದ ಮನೆಯಲ್ಲಿ ಮಗು ಹಸಿದರೆ, ಇನ್ನೊಂದು ಮನೆಗೆ ಹೋಗಲಿ.

ಇಷ್ಟೇ. ಮಗು ಬೆಳೆದ ಹಾಗೆ ಮೊಣಕಾಲು ಮೇಲೆ ಹೋಗುತ್ತದೆ, ಗಡಿಗೆಯೂ ಬೆಳೆಯುತ್ತದೆ. ತಾತ ಬುದ್ಧಿವಂತ. ಆದರೆ ಅವನು ಕುಂಬಾರನಲ್ಲ.

ನಿಂಗಿ ತಾಯಿಯ ಹತ್ತಿರ ಉಳಿದಳು. ಗಿರಿಯ ಗಡಿಗೆ ಕೊಡಬೇಕಾಯಿತು.

ಮೊದಲನೇ ಅಮಾವಾಸ್ಯೆಗೆ ಗಡಿಗೆ ಬಂತು. ತಿಂಗಳು ಮುಗಿಯುವುದಕ್ಕೆ ಐದು ದಿನ ಮೊದಲೇ ರಾಗಿ ಮುಗಿಯಿತು. ಸಂಕಮ್ಮ ತನ್ನ ಕೂಲಿ ಹಿಟ್ಟನ್ನು ಮಗುವಿಗೆ ಹಾಕಿ ತಾನು ನೀರು ಕುಡಿದಳು. ಆಮೇಲೆ ದೊರೆಯ ಹತ್ತಿರ ಬಂದಳು.

"ಬುದ್ಧಿ, ಗಡಿಗೆ ಸಣ್ಣದು."

ದೊರೆ ಮುದ್ದೀರನ ಕಡೆ ನೋಡಿದ. ಮುದ್ದೀರ ಒಂದು ಕಡ್ಡಿ ತಂದ. ನಿಂಗಿಯ ಮೊಣಕಾಲಿಗೆ ಹಿಡಿದು ಮುರಿದ. ಗಡಿಗೆಗೆ ಹಿಡಿದ. ಸರಿಯಾಗಿತ್ತು.

"ಸರಿಯಾಗಿದೆಯಲ್ಲಮ್ಮ," ಅಂದ ದೊರೆ.

ಸಂಕಮ್ಮ ಹೋದಳು.

ಎರಡನೇ ಅಮಾವಾಸ್ಯೆಗೆ ಹೊಸ ಗಡಿಗೆ ಬಂತು. ಈ ಸಲ ಎಂಟು ದಿನ ಮೊದಲೇ ರಾಗಿ ಮುಗಿಯಿತು. ಸಂಕಮ್ಮ ಮತ್ತೆ ಬಂದಳು.

"ಬುದ್ಧಿ, ಗಡಿಗೆ ತುಂಬಿರಲಿಕ್ಕಿಲ್ಲ."

ಗಡಿಗೆಯನ್ನು ಅವಳ ಮನೆಗೆ ಹೊತ್ತು ತಂದ ಆಳನ್ನು ದೊರೆ ಕರೆಸಿ ಕೇಳಿದ.

"ತುಂಬಿತ್ತು ಬುದ್ಧಿ. ಕಂಠದ ತನಕ. ಹೋದ ತಿಂಗಳಿಗಿಂತ ಭಾರವೇ ಇತ್ತು. ನನ್ನ ಕುತ್ತಿಗೆ ಇನ್ನೂ ಹಿಡಿದುಕೊಂಡಿದೆ."

"ಭಾರವೇ ಇತ್ತಂತೆ," ಅಂದ ದೊರೆ.

ಸಂಕಮ್ಮ ಹೋದಳು. ಮುದ್ದೀರ ನಿಂತ ಕಡೆಯೇ ನಿಂತ. ಎತ್ತರ ಸರಿ ಇದೆ. ಕಂಠದ ತನಕ ತುಂಬಿದೆ. ತೂಕ ಹೆಚ್ಚಾಗಿದೆ. ಮತ್ತೆ ರಾಗಿ ಬೇಗ ಮುಗಿಯುತ್ತದೆ. ಇದು ಹೇಗೆ?

ಅವನಿಗೆ ಊಟ ಸೇರಲಿಲ್ಲ. ಮಾರನೇ ದಿನ ಕುಂಬಾರರ ಬೀದಿಗೆ ಹೋದ.

ಗಿರಿಯ ತಿಗರಿ ತಿರುಗಿಸುತ್ತಿದ್ದ. ತಿಗರಿಯ ಮೇಲೆ ಮಣ್ಣಿನ ಮುದ್ದೆ. ಕೈ ಇಟ್ಟರೆ ಕಂಠ ಬಂತು, ಹೆಗಲು ಬಂತು. ದಾರ ಹಾಕಿ ಕೊಯ್ದು ಇಳಿಸಿದ. ತಿಗರಿಯಿಂದ ಇಳಿದ ಗಡಿಗೆ ದಪ್ಪಗಿರುತ್ತದೆ, ತಳವೂ ಇರುವುದಿಲ್ಲ. ಒಳಗೆ ಒಂದು ಕಲ್ಲು ಹಿಡಿದು, ಹೊರಗಿಂದ ಹಲಗೆಯಲ್ಲಿ ತಟ್ಟಬೇಕು. ತಟ್ಟಿದಷ್ಟೂ ಮೈ ತೆಳ್ಳಗಾಗುತ್ತದೆ, ಹೊಟ್ಟೆ ಅಗಲವಾಗುತ್ತದೆ, ತಳ ಕೂಡುತ್ತದೆ. ಮುದ್ದೀರ ಇದನ್ನೆಲ್ಲ ಬಾಯಿ ತೆರೆದು ನೋಡಿದ. ಅಷ್ಟು ವರ್ಷ ಗಡಿಗೆಯಲ್ಲಿ ರಾಗಿ ಅಳೆದಿದ್ದ, ಗಡಿಗೆ ಆಗುವುದನ್ನು ನೋಡಿರಲಿಲ್ಲ.

ಸಂತೆಗೆ ಹೋಗುವ ಗಡಿಗೆಗಳನ್ನು ಗಿರಿಯ ತಟ್ಟಿದ, ತಟ್ಟಿದ, ತಟ್ಟಿದ. ಮೂಲೆಯಲ್ಲಿ ಒಂದು ಬೇರೆ ಗಡಿಗೆ ಇತ್ತು. ಅದರ ಪಕ್ಕದಲ್ಲಿ ಮೊಣಕಾಲಿನ ಅಳತೆಯ ಕಡ್ಡಿ. ಅದಕ್ಕೆ ತಳ ಕೂಡುವಷ್ಟು ತಟ್ಟಿದ. ಅಷ್ಟಕ್ಕೇ ಬಿಟ್ಟ.

"ಇದಕ್ಕೆ ತಟ್ಟುವುದು ಸಾಕೇನಪ್ಪ?" ಅಂದ ಮುದ್ದೀರ.

"ಮಗು ಇರೋ ಮನೆಗೆ ಹೋಗೋದು ಯಜಮಾನ. ಗಟ್ಟಿ ಇರಲಿ ಅಂತ," ಅಂದ ಗಿರಿಯ. ಮುಖ ಎತ್ತಲಿಲ್ಲ.

ಅಷ್ಟರಲ್ಲಿ ಒಳಗಿಂದ ಅವನ ತಾಯಿ ದ್ಯಾವಜ್ಜಿ ಬಂದಳು. ಬೆನ್ನು ಬಾಗಿತ್ತು, ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು.

"ಯಾರು, ಕಣಜದ ಮುದ್ದೀರನಾ? ನೀನೇ ಹೇಳಪ್ಪ. ನನ್ನ ಮಗ ತಿಂಗಳು ತಿಂಗಳು ಹನ್ನೆರಡು ಸೇರು ರಾಗಿ ಕೊಡ್ತಾನೆ. ಹನ್ನೆರಡು. ಆದರೂ ಮಗು ನೋಡು, ಕಡ್ಡಿ ಆಗಿದೆ. ಎಲ್ಲಿಗೆ ಹೋಗ್ತದೆ ರಾಗಿ? ಅವಳ ತಮ್ಮನ ಮನೆಗೆ ಹೋಗ್ತದೆ."

"ನೀನು ಅಳೆದಿದ್ದೀಯೇನಜ್ಜಿ?"

"ನಾನ್ಯಾಕೆ ಅಳೀಲಿ? ಗಡಿಗೆ ಕೊಟ್ಟದ್ದಕ್ಕೆ ಸಿಗೋ ರಾಗಿ ಕಣದಿಂದ ಗಾಡೀಲಿ ಬರೋವಾಗಲೇ ಅವನು ತುಂಬಿಸಿ ಕಳಿಸ್ತಾನೆ. ಹನ್ನೆರಡು ಅಂತ ಅವನೇ ಹೇಳಿದ. ಮೊಣಕಾಲೆತ್ತರದ ಗಡಿಗೆಗೆ ಹನ್ನೆರಡು ಹಿಡೀಲೇಬೇಕು. ನಾನು ನಲವತ್ತು ವರ್ಷ ತಟ್ಟಿದ್ದೀನಿ, ನನಗೆ ಗೊತ್ತಿಲ್ವಾ? ಆ ಮಗುನ ನನ್ನ ಕೈಗೆ ಕೊಡ್ಲಿ. ಹನ್ನೆರಡು ಸೇರಲ್ಲಿ ಕರುವಿನ ಹಾಗೆ ಬೆಳೆಸಿ ತೋರಿಸ್ತೀನಿ."

ಗಿರಿಯ ತಿಗರಿಯನ್ನು ಜೋರಾಗಿ ತಿರುಗಿಸಿದ.

ಮುದ್ದೀರ ವಾಪಸು ನಡೆದ. ಅವನಿಗೆ ಮೂರರಲ್ಲಿ ಎರಡು ತಿಳಿದಿತ್ತು. ಗಡಿಗೆ ಹೇಗೆ ಕಡಿಮೆ ಹಿಡಿಯುತ್ತದೆ ಅನ್ನುವುದು ತಿಳಿಯಿತು. ಮುದುಕಿಗೆ ಅದು ಗೊತ್ತಿಲ್ಲ ಅನ್ನುವುದೂ ತಿಳಿಯಿತು. ತಿಳಿಯದೆ ಉಳಿದದ್ದು ಒಂದು. ಹೆತ್ತ ಮಗುವಿಗೆ ಒಬ್ಬ ಯಾಕೆ ಹೀಗೆ ಮಾಡುತ್ತಾನೆ?

ಅದು ತಿಳಿಯುವುದಕ್ಕೆ ಇನ್ನೂ ಕಾಲ ಬೇಕಾಯಿತು.

ಮೂರನೇ ಅಮಾವಾಸ್ಯೆಯ ಗಡಿಗೆ ಹದಿನೆಂಟನೇ ದಿನಕ್ಕೆ ಬರಿದಾಯಿತು. ಈ ಸಲ ಅರಮನೆಗೆ ಮೊದಲು ಬಂದವನು ಗಿರಿಯ.

"ಬುದ್ಧಿ, ನಾನು ಕೊಡೋದೆಲ್ಲ ಕೊಟ್ಟೆ. ಆದರೂ ಅವಳ ಮನೇಲಿ ಮಗು ಹಸಿದಿದೆ. ಕಲ್ಲಿನ ಮೂರನೇ ಸಾಲು ನೋಡಿ. ಮಗು ನನಗೆ ಬರಬೇಕು. ನನಗೂ ಮಣ್ಣು ತುಳಿಯೋಕೆ ಒಂದು ಜೀವ ಬೇಕು."

ಹಿಂದೆಯೇ ಸಂಕಮ್ಮ ನಿಂಗಿಯ ಕೈ ಹಿಡಿದು ಬಂದಳು. ಮಗುವಿನ ತೋಳು ಸೊರಗಿತ್ತು. ಸಂಕಮ್ಮನ ತೋಳು ಅದಕ್ಕಿಂತ ಸೊರಗಿತ್ತು.

ಮುದ್ದೀರ ಬರಿ ಗಡಿಗೆಯನ್ನು ಮುಂದಿಟ್ಟುಕೊಂಡ. ಕಣಜದ ರಾಗಿ ತಂದು ಅಳೆದು ಹಾಕಿದ. ಲಾಭ, ಎರಡು, ಮೂರು, ನಾಲ್ಕು, ಐದು, ಆರು, ಏಳು. ಗಡಿಗೆ ತುಂಬಿತು.

"ಏಳು ಬುದ್ಧಿ," ಅಂದ. "ಹನ್ನೆರಡು ಹಿಡಿಯಬೇಕಾಗಿತ್ತು. ಗೋಡೆಯ ಹಾಗಿದೆ ಇದರ ಮೈ."

ದೊರೆ ಗಡಿಗೆಯನ್ನು ನೋಡಿದ. ಗಿರಿಯನನ್ನು ನೋಡಿದ.

"ಕಲ್ಲಿನಲ್ಲಿ ಎತ್ತರ ಹೇಳಿದೆ ಬುದ್ಧಿ," ಅಂದ ಗಿರಿಯ ಮೆಲ್ಲಗೆ. "ಎತ್ತರ ಸರಿ ಇದೆ. ದಪ್ಪ ಎಷ್ಟಿರಬೇಕು ಅಂತ ಹೇಳಿಲ್ಲ. ಸೇರು ಎಷ್ಟು ಅಂತಲೂ ಹೇಳಿಲ್ಲ."

ದೊರೆ ಗಡ್ಡ ಕೆರೆದುಕೊಂಡ. ತಾತನ ಕಲ್ಲು ಮುಟ್ಟುವ ಹಾಗಿರಲಿಲ್ಲ. ಒಂದು ಸಾಲು ತಿದ್ದಿದರೆ ನಾಳೆ ಎಲ್ಲರೂ ಉಳಿ ಹಿಡಿದು ಬರುತ್ತಾರೆ ಅನ್ನುವ ಭಯ ಅವನಿಗೆ.

"ಕಲ್ಲಿನಲ್ಲಿ ಇಲ್ಲದ್ದನ್ನು ನಾನು ಹೇಳಲಾರೆ," ಅಂದ. "ಮಗು ಹಸಿದಿರುವುದು ನಿಜ. ಬರುವ ಅಮಾವಾಸ್ಯೆಗೆ ಮಗು ಗಿರಿಯನ ಮನೆಗೆ ಹೋಗಲಿ."

ಸಂಕಮ್ಮ ಅಳಲಿಲ್ಲ. ಮಗುವಿನ ತಲೆ ಮೇಲೆ ಕೈ ಇಟ್ಟಳು, ತೆಗೆಯಲಿಲ್ಲ.

ಮುದ್ದೀರ ಕೆಮ್ಮಿದ. "ಬುದ್ಧಿ, ಕಲ್ಲಿನಲ್ಲಿ ಎರಡನೇ ಸಾಲೂ ಇದೆ. ಮಗು ಯಾರ ಹತ್ತಿರ ಇಲ್ಲವೋ ಅವರು ಗಡಿಗೆ ಕೊಡಬೇಕು. ಇನ್ನು ಮೇಲೆ ಸಂಕಮ್ಮ ಕೊಡಬೇಕಲ್ಲ?"

"ಕೊಡಬೇಕು," ಅಂದ ದೊರೆ.

"ಇದೇ ಗಡಿಗೆ ಆದೀತೇ? ಎತ್ತರ ಸರಿ ಇದೆ ಅಂತ ಗಿರಿಯನೇ ಹೇಳಿದ್ದಾನೆ."

ಗಿರಿಯ ಬಾಯಿ ತೆರೆದ. ಮುಚ್ಚಿದ. ಏಳು ಸೇರು ಬಂದರೂ ಬಂದದ್ದೇ ಲಾಭ ಅಂದುಕೊಂಡ. "ಆಗಲಿ," ಅಂದ.

ಹೊರಗೆ ಬಂದ ಮೇಲೆ ಸಂಕಮ್ಮ ಕೇಳಿದಳು. "ಅಣ್ಣ, ನೀನೂ ಅವನ ಕಡೆಯವನೇ ಆದೆಯಾ?"

"ಇಲ್ಲ ಕಣವ್ವ."

"ಮತ್ತೆ?"

"ಅಮಾವಾಸ್ಯೆ ಕಳೆದ ಮೇಲೆ ಹದಿನೆಂಟು ದಿನ ತಡಿ."

"ಹದಿನೆಂಟು ದಿನಕ್ಕೆ ಏನಾಗ್ತದೆ?"

"ಅದನ್ನೇ ನಾನೂ ನೋಡಬೇಕು," ಅಂದ ಮುದ್ದೀರ.

ಅಮಾವಾಸ್ಯೆಯ ತನಕ ನಿಂಗಿಗೆ ಅವನೇ ರಾಗಿ ಕೊಟ್ಟ. ಅಮಾವಾಸ್ಯೆ ದಿನ ತನ್ನ ಪಾಲಿನಲ್ಲಿ ಏಳು ಸೇರು ತೆಗೆದು ಗಡಿಗೆಗೆ ತುಂಬಿದ. ಅದನ್ನು ಹೆಗಲ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ನಿಂಗಿಯನ್ನು ಹಿಡಿದುಕೊಂಡು ಕುಂಬಾರರ ಬೀದಿಗೆ ನಡೆದ.

"ನಿನಗೆ ಯಾರ ಮನೆ ಬೇಕು ಮಗ?" ಅಂತ ದಾರಿಯಲ್ಲಿ ಕೇಳಿದ. ಇದನ್ನು ಅವಳನ್ನು ಯಾರೂ ಕೇಳಿರಲಿಲ್ಲ.

ನಿಂಗಿ ಯೋಚನೆ ಮಾಡಿದಳು. "ಅಮ್ಮನ ಮನೇಲಿ ಮಲಗಬೇಕು. ಅಪ್ಪನ ಮನೇಲಿ ಮಣ್ಣು ತುಳೀಬೇಕು."

"ಎರಡೂನಾ?"

"ಎರಡೂ. ಯಾಕಜ್ಜ, ಆಗಲ್ವಾ?"

ಮುದ್ದೀರ ನಡೆಯುತ್ತಲೇ ಗಡಿಗೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ.

ದ್ಯಾವಜ್ಜಿ ಮೊಮ್ಮಗಳ ಕೆನ್ನೆ ಸವರಿದಳು. ಆಮೇಲೆ ಗಡಿಗೆಯನ್ನು ಅಡುಗೆಮನೆಯಲ್ಲಿ ಇಡಿಸಿಕೊಂಡಳು.

"ಅವ್ವ, ಅದನ್ನ ನಮ್ಮ ರಾಗಿ ತುಂಬಿಡೋ ವಾಡೆಗೆ ಸುರಿದುಬಿಡು," ಅಂದ ಗಿರಿಯ. "ಎಲ್ಲ ಒಂದೇ ಅಲ್ವಾ?"

"ಯಾಕೆ ಒಂದೇ ಆಗ್ತದೆ? ಮಗುವಿನ ರಾಗಿ ಮಗುವಿಗೆ. ಇದರಲ್ಲೇ ಮಾಡಿ ಹಾಕ್ತೀನಿ. ತಿಂಗಳ ಕೊನೇಲಿ ಎರಡು ಸೇರು ಉಳಿಸಿ, ಅವಳ ಮುಂದೆ ಇಡ್ತೀನಿ. ನೋಡಮ್ಮ, ಸಂಸಾರ ಹೀಗೆ ಮಾಡೋದು ಅಂತೀನಿ."

"ಅಯ್ಯೋ, ಬಿಡವ್ವ."

"ನೀನು ತಿಗರಿ ನೋಡ್ಕೋ ಹೋಗು."

ಗಿರಿಯ ಹೋದ. ಅವನ ಮುಖ ಹಸಿ ಮಣ್ಣಿನ ಹಾಗಿತ್ತು. ಮುದ್ದೀರ ಎದ್ದು ಬಂದ.

ಆರನೇ ದಿನ ಅವನು ಆ ಬೀದಿಯಲ್ಲಿ ಹಾದು ಹೋದ. ದ್ಯಾವಜ್ಜಿ ನಗುತ್ತಾ ಮೊಮ್ಮಗಳಿಗೆ ಮುದ್ದೆ ನುಂಗಿಸುತ್ತಿದ್ದಳು.

ಹನ್ನೆರಡನೇ ದಿನ ಮತ್ತೆ ಹಾದು ಹೋದ. ದ್ಯಾವಜ್ಜಿ ಗಡಿಗೆಯ ಒಳಗೆ ಕೈ ಬಿಟ್ಟು ತಡಕುತ್ತಿದ್ದಳು. ನಗು ಇರಲಿಲ್ಲ.

ಹದಿನೆಂಟನೇ ದಿನ ಅವನು ಹೋಗಬೇಕಾಗಲಿಲ್ಲ. ದ್ಯಾವಜ್ಜಿಯೇ ಅರಮನೆಗೆ ಬಂದಳು. ಸೊಂಟದ ಮೇಲೆ ಬರಿ ಗಡಿಗೆ. ಹಿಂದೆ ನಿಂಗಿ. ಅವಳ ಹಿಂದೆ ಮಣ್ಣು ಕೈಯಲ್ಲೇ ಓಡಿಬಂದ ಗಿರಿಯ.

"ಅವ್ವ, ಬಾ ಮನೆಗೆ. ನಾನು ಹೇಳ್ತೀನಿ ಬಾ."

"ನೀನು ಸುಮ್ನಿರು. ನಿನ್ನ ಒಳ್ಳೇತನಕ್ಕೇ ಅವಳು ಹೀಗೆ ಮಾಡಿರೋದು." ದ್ಯಾವಜ್ಜಿ ದೊರೆಗೆ ಕೈ ಮುಗಿದಳು. "ಬುದ್ಧಿ, ನನ್ನ ಸೊಸೆ ಮೋಸ ಮಾಡಿದ್ದಾಳೆ. ನನ್ನ ಮಗ ಹನ್ನೆರಡು ಸೇರು ಕೊಡ್ತಿದ್ದ. ಅವಳು ಕೊಟ್ಟಿರೋದು ಹದಿನೆಂಟು ದಿನಕ್ಕೇ ಮುಗಿದುಹೋಯ್ತು. ಮಗು ಹಸಿದಿದೆ ಬುದ್ಧಿ. ಬೆಳಗ್ಗೆ ಬರಿ ಮಜ್ಜಿಗೆ ಕೊಟ್ಟಿದ್ದೀನಿ."

ದೊರೆ ಸಂಕಮ್ಮನನ್ನು ಕರೆಸಿದ. ಅವಳು ಮೊರ ಕೈಯಲ್ಲಿ ಹಿಡಿದೇ ಬಂದಳು. ಮಗುವನ್ನು ನೋಡಿದಳು.

"ಗಡಿಗೆ ಮೊಣಕಾಲೆತ್ತರ ಇದೆಯಲ್ಲಜ್ಜಿ," ಅಂದ ದೊರೆ.

"ಎತ್ತರ ಕಟ್ಟಿಕೊಂಡು ಏನು ಮಾಡ್ಲಿ ಬುದ್ಧಿ? ಮಗು ತಿನ್ನೋದು ಎತ್ತರಾನಾ, ರಾಗೀನಾ? ಇದು ಗಡಿಗೆ ಅಲ್ಲ, ಬಂಡೆ. ಎಲ್ಲಿ ಸಿಕ್ಕಿದನೋ ಇವಳಿಗೆ ಇದನ್ನ ಮಾಡಿಕೊಟ್ಟ ಕುಂಬಾರ. ಅವನಿಗೆ ತಟ್ಟೋಕೆ ಕೈ ಇರಲಿಲ್ವಾ? ಮಗುವಿನ ಅನ್ನದ ಗಡಿಗೆ ಅಂತ ಗೊತ್ತಿದ್ದೂ ಹೀಗೆ ಮಾಡಿದನಲ್ಲ, ಅವನ ಮನೇಲಿ ಮಕ್ಕಳಿಲ್ವಾ?"

ಗಿರಿಯ ಕಂಬದ ಮರೆಗೆ ಸರಿದ.

"ಕಾಣ್ತಿಲ್ವಾ ಬುದ್ಧಿ? ತೋರಿಸ್ತೀನಿ ತಾಳಿ," ಅಂದಳು ದ್ಯಾವಜ್ಜಿ. ಗಡಿಗೆಯನ್ನು ಎತ್ತಿ ನೆಲಕ್ಕೆ ಹಾಕಿದಳು. ಮೊದಲನೇ ಸಲ ಒಡೆಯಲಿಲ್ಲ. ಎರಡನೇ ಸಲ ಒಡೆಯಲಿಲ್ಲ. ಮೂರನೇ ಸಲ ನಾಲ್ಕು ಹೋಳಾಯಿತು.

ಒಂದು ಹೋಳು ಎತ್ತಿಕೊಂಡಳು. "ಎರಡು ಬೆರಳು ದಪ್ಪ ಇದೆ ಬುದ್ಧಿ," ಅಂತ ಬೆರಳು ಇಟ್ಟು ತೋರಿಸಿದಳು. ಬೆರಳು ಕಂಠದ ಒಳಗೆ ಸರಿಯಿತು. ಅಲ್ಲೇ ನಿಂತಿತು.

ಕುಂಬಾರ ಕಂಠ ಎಳೆಯುವಾಗ ಹೆಬ್ಬೆರಳು ಒಳಗಿರುತ್ತದೆ. ಅದರ ಗೀರು ಮಣ್ಣಿನ ಮೇಲೆ ಉಳಿಯುತ್ತದೆ. ಒಬ್ಬೊಬ್ಬನದು ಒಂದೊಂದು ಥರ. ಈ ಗೀರು ನಡುವೆ ಸೀಳಿತ್ತು, ಎರಡು ದಾರಿಯ ಹಾಗೆ. ದ್ಯಾವಜ್ಜಿಗೆ ಕಣ್ಣು ಮಂಜು. ಕೈ ಮಂಜಲ್ಲ. ಮಗ ಎಂಟು ವರ್ಷದವನಿದ್ದಾಗ ದಾರ ಎಳೆಯಲು ಹೋಗಿ ಹೆಬ್ಬೆರಳನ್ನು ನಡುವೆ ಕೊಯ್ದುಕೊಂಡಿದ್ದ. ಅರಿಶಿನ ಹಾಕಿ ಬಟ್ಟೆ ಕಟ್ಟಿದವಳು ಅವಳೇ.

ಆ ಗೀರಿನ ಮೇಲೆ ಅವಳು ಮೂರು ಸಲ ಬೆರಳು ಆಡಿಸಿದಳು.

"ಗಿರಿಯ," ಅಂದಳು. "ಈಚೆ ಬಾ."

ಗಿರಿಯ ಬಂದ.

"ಇದು ನಿನ್ನ ಕೈ."

"ಅವ್ವ..."

"ಇದು ನಿನ್ನ ಕೈಯೋ ಅಲ್ವೋ?"

"ಹೂಂ."

"ಮೂರು ತಿಂಗಳು ಇಂಥದೇ ಕೊಟ್ಟೆಯಾ?"

"ಅವಳು ಬಿಟ್ಟು ಹೋದಳಲ್ಲವ್ವ. ಸಿಟ್ಟು ಬಂತು."

"ಸಿಟ್ಟು ಯಾರ ಮೇಲೆ ಬಂತು, ತಿನ್ನದೆ ಮಲಗಿದ್ದು ಯಾರು?"

ಗಿರಿಯ ಮಣ್ಣು ಮೆತ್ತಿದ ತನ್ನ ಕೈ ನೋಡಿಕೊಂಡ. ಮುದ್ದೀರನಿಗೆ ತಿಳಿಯದೆ ಉಳಿದಿದ್ದ ಒಂದು ತಿಳಿಯಿತು. ತಿಳಿದ ಮೇಲೆ ಸಂತೋಷವೇನೂ ಆಗಲಿಲ್ಲ.

ದ್ಯಾವಜ್ಜಿ ಸಂಕಮ್ಮನ ಕಡೆ ತಿರುಗಿದಳು. "ತಮ್ಮನ ಮನೆಗೆ ಸಾಗಿಸ್ತಾಳೆ ಅಂತ ಬೀದೀಲೆಲ್ಲ ಹೇಳಿಕೊಂಡು ಬಂದೆ ಕಣವ್ವ."

"ಕೇಳಿದೆ ಅತ್ತೆ."

"ಇನ್ನು ಅದೇ ಬೀದೀಲಿ ಹೋಗಿ ಇಲ್ಲ ಅಂತ ಹೇಳಬೇಕು. ಮನೆ ಮನೆಗೂ ಹೋಗಬೇಕು."

"ನಿಧಾನಕ್ಕೆ ಹೋಗಿ ಅತ್ತೆ. ಕಾಲು ನೋವಿದೆ ನಿಮಗೆ."

ದೊರೆ ಕಲ್ಲಿನ ಕಡೆ ನೋಡಿದ. "ಗಿರಿಯ, ನಿನ್ನ ಮನೆಯಲ್ಲಿ ಮಗು ಹಸಿದಿದೆ. ನಿನ್ನ ತಾಯಿಯೇ ಹೇಳಿದ್ದಾಳೆ. ಮೂರನೇ ಸಾಲಿನ ಪ್ರಕಾರ ಮಗು ಸಂಕಮ್ಮನ ಮನೆಗೆ. ಎರಡನೇ ಸಾಲಿನ ಪ್ರಕಾರ ಗಡಿಗೆ ನಿನ್ನದು. ಆದರೆ ದಪ್ಪ ಎಷ್ಟು ಅಂತ ಕಲ್ಲಿನಲ್ಲಿ ಇಲ್ಲ. ಏನು ಮಾಡಲಿ ಮುದ್ದೀರ?"

"ಎತ್ತರ ಹೇಳಿದೆ ಬುದ್ಧಿ. ಅಗಲ ಹೇಳಿಲ್ಲ. ಯಾರು ತಟ್ಟಬೇಕು ಅಂತಲೂ ಹೇಳಿಲ್ಲ," ಅಂದ ಮುದ್ದೀರ.

ದ್ಯಾವಜ್ಜಿ ತಲೆ ಎತ್ತಿದಳು. "ನಾನು ತಟ್ಟುತ್ತೀನಿ," ಅಂದಳು.

ಹಾಗೇ ಆಯಿತು. ಗಿರಿಯ ಹೊಸ ಗಡಿಗೆಯನ್ನು ತಿಗರಿಯಿಂದ ಇಳಿಸಿದ. ದ್ಯಾವಜ್ಜಿ ಕಲ್ಲು ಒಳಗೆ ಹಿಡಿದು, ಹಲಗೆ ಎತ್ತಿದಳು. ತಟ್ಟಿದಳು, ತಟ್ಟಿದಳು, ತಟ್ಟಿದಳು. ಗಡಿಗೆಯ ಮೈ ಎಲೆಯ ಹಾಗಾಯಿತು. ಹೊಟ್ಟೆ ಬಸುರಿಯ ಹಾಗಾಯಿತು. ಆವಿಗೆಯಲ್ಲಿ ಸುಟ್ಟು ತೆಗೆದು, ಬೆರಳಲ್ಲಿ ಬಡಿದರೆ ಕಂಚಿನ ಹಾಗೆ ದನಿ ಕೊಟ್ಟಿತು. ಅಮಾವಾಸ್ಯೆ ದಿನ ಮುದ್ದೀರ ಕಡ್ಡಿ ಹಿಡಿದ. ಮೊಣಕಾಲೆತ್ತರ, ಕೂದಲಷ್ಟೂ ಹೆಚ್ಚಿಲ್ಲ. ಗಿರಿಯ ರಾಗಿ ಸುರಿದ. ಏಳಾಯಿತು, ಹತ್ತಾಯಿತು, ಹನ್ನೆರಡಾಯಿತು. ಗಡಿಗೆ ಇನ್ನೂ ಬಾಯಿ ತೆರೆದುಕೊಂಡೇ ಇತ್ತು. ಹದಿನೈದಕ್ಕೆ ತುಂಬಿತು.

"ಕಲ್ಲಿನಲ್ಲಿ ಎತ್ತರ ಮಾತ್ರ ಹೇಳಿದೆಯಪ್ಪ," ಅಂದ ಮುದ್ದೀರ. "ನೀನೇ ಹೇಳಿದ್ದು."

ಸುತ್ತ ನಿಂತವರು ನಕ್ಕರು. ಗಿರಿಯ ನಗಲಿಲ್ಲ. ಹದಿನೈದನೇ ಸೇರನ್ನು ಸುರಿದು ಕೈ ಒರೆಸಿಕೊಂಡ.

ನಿಂಗಿ ತಾಯಿಯ ಮನೆಯಲ್ಲಿ ಮಲಗಿದಳು. ಸೋಮವಾರ ಕುಂಬಾರರು ತಿಗರಿ ತಿರುಗಿಸುವುದಿಲ್ಲ, ಮಣ್ಣು ಹದ ಮಾಡುತ್ತಾರೆ, ಇಳಿಸಿಟ್ಟ ಗಡಿಗೆ ತಟ್ಟುತ್ತಾರೆ. ಆ ದಿನ ಸಂಕಮ್ಮನೇ ಅವಳನ್ನು ಬೀದಿಯ ತುದಿಯ ತನಕ ಬಿಟ್ಟು ಬರುತ್ತಿದ್ದಳು. ಕಲ್ಲಿನಲ್ಲಿ ಹಾಗೆ ಬರೆದಿರಲಿಲ್ಲ. ಬೇಡ ಅಂತಲೂ ಬರೆದಿರಲಿಲ್ಲ.

ಎರಡನೇ ತಿಂಗಳೂ ದ್ಯಾವಜ್ಜಿಯೇ ತಟ್ಟಿದಳು. ಮೂರನೇ ತಿಂಗಳು ತಟ್ಟುತ್ತಾ ತಟ್ಟುತ್ತಾ ಕೈ ಸೋತು, ಹಲಗೆ ಮಡಿಲಿಗೆ ಬಿತ್ತು. ಅಂದು ಸೋಮವಾರ. ಪಕ್ಕದಲ್ಲಿ ನಿಂಗಿ ಮಣ್ಣು ತುಳಿಯುತ್ತಿದ್ದಳು. ಮುದ್ದೀರ ಬಾಗಿಲಲ್ಲಿ ನಿಂತು ನೋಡಿದ. ಗಿರಿಯ ಬಂದು ತಾಯಿಯ ಮಡಿಲಿಂದ ಹಲಗೆ ತೆಗೆದುಕೊಂಡ. ಒಳಗೆ ಕಲ್ಲು ಹಿಡಿದ. ತಟ್ಟಿದ. ಸ್ವಲ್ಪ ಹೊತ್ತಾದ ಮೇಲೆ ದ್ಯಾವಜ್ಜಿ, "ಸಾಕು ಬಿಡು, ಹನ್ನೆರಡು ಹಿಡೀತದೆ," ಅಂದಳು.

"ಇರವ್ವ," ಅಂದ ಗಿರಿಯ. "ಈ ಬದಿ ಇನ್ನೂ ದಪ್ಪ ಇದೆ."

ಕೇಳಿದಿರಲ್ಲ ಮಕ್ಕಳೇ. ಗಂಡ ಹೆಂಡತಿ ಬೇರೆಯಾಗಬಹುದು. ಆದರೆ ಅವರ ಮೇಲೆ ಇವರಿಗೆ, ಇವರ ಮೇಲೆ ಅವರಿಗೆ ಇರುವ ಸಿಟ್ಟನ್ನು ಮಗುವಿನ ಊಟದಲ್ಲಿ ತೀರಿಸಿಕೊಳ್ಳಬಾರದು. ಕೊಡಬೇಕಾದವರು ಮಗುವಿನ ಹೊಟ್ಟೆ ನೋಡಿ ಕೊಡಬೇಕು. ನೀತಿ ಇಷ್ಟೇ. ಇನ್ನು ಏಳಿ, ಕೈ ತೊಳೆದುಕೊಂಡು ಊಟಕ್ಕೆ ಬನ್ನಿ.